ಬೆಳಗಾವಿಯ ಮನೆಯಂಗಳದಲ್ಲಿ ಮಸ್ಟಾಂಗ್‌ಗೆ ಹೆಡರ್ ಕೂರಿಸುವ ಕ್ರಮ

ಫೋರ್ಡ್ ಮಸ್ಟಾಂಗ್ ಜಿಟಿ 2016ರಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದು ಬಲಗೈ ಸ್ಟೀರಿಂಗ್‌ನೊಂದಿಗೆ. ಅದರ 5.0 ಲೀಟರ್ ವಿ8 ಎಂಜಿನ್‌ಗೆ ಹೊರಗಿನ ಹೆಡರ್ (ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಪೈಪುಗಳ ಜೋಡಣೆ) ಕೂರಿಸಬೇಕೆನ್ನುವವರಿಗೆ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಈ ಒಂದು ಸಂಗತಿಯಿಂದ. ಅಮೆರಿಕದ ತಯಾರಕರು ತಮ್ಮ ಹೆಡರ್‌ಗಳ ಪೈಪುಗಳನ್ನು ಬಗ್ಗಿಸುವುದು ಎಡಗೈ ಸ್ಟೀರಿಂಗ್ ಗಾಡಿಯ ಅಳತೆಗೆ. ಅಲ್ಲಿ ಸ್ಟೀರಿಂಗ್ ಶಾಫ್ಟ್ ಎಂಜಿನ್ನಿನ ಎಡಮಗ್ಗುಲಲ್ಲಿ ಇಳಿಯುತ್ತದೆ, ನಮ್ಮಲ್ಲಿ ಬಲಮಗ್ಗುಲಲ್ಲಿ ಇಳಿಯುತ್ತದೆ. ಹಾಗಾಗಿ ಅಲ್ಲಿ ಸಲೀಸಾಗಿ ಕೂತ ಪೈಪು ಇಲ್ಲಿ ನೇರವಾಗಿ ಶಾಫ್ಟಿಗೆ ತಗಲುವ ಸಂಭವವಿದೆ. ಬಲಗೈ ಸ್ಟೀರಿಂಗ್‌ಗೆ ಹೊಂದುತ್ತದೆ ಎಂದು ತಯಾರಕರು ಬರಹದಲ್ಲಿ ಖಚಿತಪಡಿಸದ ಹೊರತು, ಬೆಲೆ ಎಷ್ಟೇ ಕಡಿಮೆಯಿದ್ದರೂ ಅಂಥ ಹೆಡರ್ ತರಿಸಬಾರದು.

ಎರಡನೆಯ ನಿರ್ಧಾರ ಗಿಡ್ಡ ಹೆಡರ್ ಬೇಕೋ ಉದ್ದದ್ದು ಬೇಕೋ ಎಂಬುದು. ಒಂದು ಸಿಲಿಂಡರಿನಿಂದ ಹೊರಬಿದ್ದ ಹೊಗೆಯ ಹೊಡೆತ ಪೈಪಿನ ತುದಿಯನ್ನು ಮುಟ್ಟಿದಾಗ ಹಿಂದಕ್ಕೆ ಮರಳುವ ಕಡಿಮೆ ಒತ್ತಡದ ಅಲೆ, ವಾಲ್ವುಗಳೆರಡೂ ತುಸು ತೆರೆದಿರುವ ಗಳಿಗೆಗೆ ಸರಿಯಾಗಿ ಬಂದರೆ, ಉಳಿದ ಹೊಗೆಯನ್ನು ಸೆಳೆದು ಹೊಸ ಗಾಳಿಗೆ ದಾರಿ ಮಾಡುತ್ತದೆ. ಹೆಡರ್‌ನ ಪ್ರಯೋಜನವೆಲ್ಲ ಇದರಲ್ಲಿದೆ. ಉದ್ದದ ಪೈಪಿನಲ್ಲಿ ಈ ಅಲೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಈ ಗಾಡಿಯ ಮೂಲ ಮ್ಯಾನಿಫೋಲ್ಡ್, ಅಂದರೆ ಹೆಡರ್‌ನ ಜಾಗದಲ್ಲಿ ಕಾರ್ಖಾನೆಯಿಂದಲೇ ಬರುವ ಭಾಗ, ಎರಕದ ಗಡ್ಡೆಯಲ್ಲ, ಅದೂ ಪೈಪುಗಳಿಂದ ಮಾಡಿದ ಸ್ಟೇನ್‌ಲೆಸ್ ಉಕ್ಕಿನದು. ಆದ್ದರಿಂದ ಗಿಡ್ಡ ಹೆಡರ್‌ನಿಂದ ಸಿಗುವ ಬಲ ಅತ್ಯಲ್ಪ, ಬದಲಾಗುವುದು ಹೆಚ್ಚಾಗಿ ದನಿ ಮಾತ್ರ. ಉದ್ದದ ಹೆಡರ್‌ನಿಂದ ಬಲ ನಿಜವಾಗಿಯೂ ಹೆಚ್ಚುತ್ತದೆ, ಆದರೆ ಅದು ಮೂಲ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾಂಶ ತಗ್ಗಿಸುವ ಡಬ್ಬಿ) ಇರುವ ಜಾಗವನ್ನೇ ಆಕ್ರಮಿಸುತ್ತದೆ. ಕನ್ವರ್ಟರ್ ಇಲ್ಲದ ಪೈಪು ಹಾಕಿ ರಸ್ತೆಗಿಳಿದರೆ ಹೊಗೆ ಪರೀಕ್ಷೆಯಲ್ಲಿ ಗಾಡಿ ತೇರ್ಗಡೆಯಾಗುವುದು ಕಷ್ಟ. ಜೊತೆಗೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನ ಪ್ರಕಾರ ಶಬ್ದ ಅಥವಾ ವಾಯುಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದವರಿಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಅದೇ ಕಾಯ್ದೆಯ 52ನೇ ಕಲಮು ನೋಂದಣಿಯಲ್ಲಿರುವ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವುದನ್ನೇ ತಡೆಯುತ್ತದೆ. ಕೆಲಸಕ್ಕೆ ಕೈಹಾಕುವ ಮುನ್ನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಕೇಳಿಕೊಳ್ಳುವುದು ಕ್ಷೇಮ. ನನ್ನ ಅಭಿಪ್ರಾಯದಲ್ಲಿ ಊರೊಳಗೆ ಓಡಾಡುವ ಗಾಡಿಗೆ ಮೂಲ ಕನ್ವರ್ಟರ್‌ಗಳನ್ನು ಹಾಗೆಯೇ ಉಳಿಸುವ ಗಿಡ್ಡ ಹೆಡರ್ ಸಾಕು. ಮುಂದಿನ ಕ್ರಮ ಅದನ್ನೇ ಆಧರಿಸಿದೆ, ಉದ್ದದ್ದಕ್ಕೆ ಬೇಕಾದ ಹೆಚ್ಚುವರಿ ಕೆಲಸವನ್ನು ಅಲ್ಲಲ್ಲಿ ಹೇಳಿದ್ದೇನೆ.

ಹೆಡರ್ ಪೆಟ್ಟಿಗೆ ಬಂದ ದಿನವೇ ಅದರ ಫ್ಲೇಂಜ್ (ಎಂಜಿನ್ನಿಗೆ ಒರಗಿ ಕೂರುವ ಚಪ್ಪಟೆ ಪಟ್ಟಿ) ಪರೀಕ್ಷಿಸಬೇಕು. ವೆಲ್ಡಿಂಗ್ ಕಾವಿಗೆ ಫ್ಲೇಂಜ್ ಬಾಗಿರುವುದು ದುಬಾರಿ ಹೆಡರ್‌ಗಳಲ್ಲಿಯೂ ಅಪರೂಪವಲ್ಲ. ಉಕ್ಕಿನ ನೇರಪಟ್ಟಿಯನ್ನು ಅದರ ಮೇಲೆ ಉದ್ದಕ್ಕೂ ಇಟ್ಟು ಅಡಿಯಲ್ಲಿ ಫೀಲರ್ ಗೇಜಿನ ಎಲೆ ತೂರಿಸಿ ನೋಡಿ. 0.1 ಮಿಲಿಮೀಟರಿನ ಎಲೆ ಎಲ್ಲಿಯಾದರೂ ಸುಲಭವಾಗಿ ನುಸುಳಿದರೆ ನಾನು ಅದನ್ನು ಹಾಗೆಯೇ ಕೂರಿಸಲು ಒಪ್ಪುವುದಿಲ್ಲ. ಈ ವಿಷಯದಲ್ಲಿ ಬೆಳಗಾವಿಯವರು ಅದೃಷ್ಟವಂತರು, ಏಕೆಂದರೆ ಎರಕದ ಕೆಲಸಕ್ಕೂ ಯಂತ್ರಭಾಗಗಳ ತಯಾರಿಕೆಗೂ ಹೆಸರಾದ ಉದ್ಯಮಬಾಗಿನಲ್ಲಿ ಮಿಲ್ಲಿಂಗ್ ಯಂತ್ರವಿರುವ ವರ್ಕ್‌ಶಾಪುಗಳಿಗೆ ಕೊರತೆಯಿಲ್ಲ. ಗ್ಯಾಸ್ಕೆಟ್ (ಸೋರಿಕೆ ತಡೆಯುವ ತೆಳು ಹಾಳೆ) ಕೂರುವ ಮುಖವನ್ನು ಎಷ್ಟು ಕಡಿಮೆ ಸವೆಸಿದರೆ ಸಮವಾಗುತ್ತದೆಯೋ ಅಷ್ಟನ್ನೇ ಸವೆಸಲು ಹೇಳಿ. ಪೈಪಿನ ಬಾಯಿಯ ಒಳಗೆ ವೆಲ್ಡಿಂಗ್ ಗಂಟು ಉಬ್ಬಿದ್ದರೆ ಅದನ್ನೂ ಅಲ್ಲಿಯೇ ತೆಗೆಸಿಕೊಳ್ಳಬಹುದು. ಗ್ಯಾಸ್ಕೆಟ್ ಮಾತ್ರ ಹಲವು ಪದರಗಳ ಉಕ್ಕಿನದ್ದೇ ಇರಲಿ, ಪೆಟ್ಟಿಗೆಯೊಂದಿಗೆ ಬರುವ ಕಾಗದದಂಥದ್ದು ಬಹಳ ದಿನ ಬಾಳುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಹಮ್ಮಿಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಿಡಿಯುವ ಜಡಿಮಳೆಯಲ್ಲಿ ಬಿಚ್ಚಿದ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸುವುದು ಅಸಾಧ್ಯ. ಗಾಡಿಯಡಿಯ ನೆಲ ಕಾಂಕ್ರೀಟಿನದಾಗಿರಬೇಕು. ಕೆಂಪು ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಕುಸಿಯುತ್ತದೆ, ಮೇಲೆ ಹಲಗೆ ಹಾಸಿದರೂ ನಾನು ಅದನ್ನು ನಂಬುವುದಿಲ್ಲ. ನಾಲ್ಕು ಸ್ಟ್ಯಾಂಡುಗಳನ್ನು ಕೈಪಿಡಿ ತೋರಿಸುವ ಜಾಗಗಳಲ್ಲಿಯೇ ಕೊಟ್ಟು, ಗಾಡಿಯನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿದ ನಂತರವೇ ಅಡಿಗೆ ಹೋಗಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ಹೋಗಬಾರದು.

ಹಿಂದಿನ ರಾತ್ರಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಮ್ಯಾನಿಫೋಲ್ಡಿನ ಎಲ್ಲ ನಟ್ಟುಗಳಿಗೂ ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿಡಿ. ಬೆಳಗ್ಗೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ, ನಂತರ ಮೇಲಿನ ಶಾಖಕವಚ, ಆಮೇಲೆ ಆಕ್ಸಿಜನ್ ಸೆನ್ಸರುಗಳು. ಪ್ರತಿ ಬದಿಗೆ ಕನ್ವರ್ಟರಿನ ಮುಂದೊಂದು, ಹಿಂದೊಂದು ಸೆನ್ಸರ್ ಇರುತ್ತದೆ. ಸೆನ್ಸರ್ ಬಿಚ್ಚಲು ತಂತಿ ತೂರಿಸುವ ಸೀಳಿರುವ 22 ಮಿಲಿಮೀಟರಿನ ಸಾಕೆಟ್ ಬೇಕು. ಸಾಧಾರಣ ಪಾನಾ ಹಾಕಿ ಅಂಚು ತಿಂದರೆ ಮುಂದೆ ಹಿಡಿತವೇ ಸಿಗದು. ಯಾವುದು ಎಲ್ಲಿಯದೆಂದು ಗುರುತು ಹಾಕಿಡಿ, ಮುಂದಿನದು ಹಿಂದಿನದಾದರೆ ಎಂಜಿನ್ ಕಂಪ್ಯೂಟರ್ ತಪ್ಪು ಲೆಕ್ಕ ಹಾಕುತ್ತದೆ.

ಬಲಮಗ್ಗುಲಲ್ಲಿ ಜಾಗ ಸಾಲದಿದ್ದರೆ ಸ್ಟೀರಿಂಗ್ ಶಾಫ್ಟನ್ನು ಕೆಳಗಿನ ಕೀಲಿನಲ್ಲಿ ಬೇರ್ಪಡಿಸಬೇಕಾಗುತ್ತದೆ. ಉದ್ದದ ಹೆಡರ್‌ಗೆ ಇದು ಬಹುತೇಕ ಅನಿವಾರ್ಯ, ಜೊತೆಗೆ ಎಂಜಿನ್ ಮೌಂಟಿನ ನಟ್ಟು ಬಿಚ್ಚಿ, ಜಾಕಿನ ಮೇಲೆ ಅಗಲವಾದ ಮರದ ದಿಮ್ಮಿ ಇಟ್ಟು ಎಂಜಿನ್ನನ್ನು ತುಸು ಎತ್ತಬೇಕಾಗುತ್ತದೆ. ಶಾಫ್ಟ್ ಬಿಚ್ಚುವ ಮುನ್ನ ಚಕ್ರಗಳನ್ನು ನೇರ ಮಾಡಿ, ಸ್ಟೀರಿಂಗನ್ನು ಸೀಟ್‌ಬೆಲ್ಟಿನಿಂದ ಬಿಗಿಯಾಗಿ ಕಟ್ಟಿ, ಎರಡೂ ಭಾಗಗಳ ಮೇಲೆ ಬಣ್ಣದಿಂದ ಒಂದೇ ಗೆರೆ ಎಳೆದಿಡಿ. ಶಾಫ್ಟ್ ಬಿಚ್ಚಿದ ಮೇಲೆ ಸ್ಟೀರಿಂಗ್ ಸುಮ್ಮನೆ ಸುತ್ತಿಹೋದರೆ, ಏರ್‌ಬ್ಯಾಗಿಗೆ ಸಂಪರ್ಕ ಕೊಡುವ ಒಳಗಿನ ಸುರುಳಿ ತಂತಿ ಹರಿಯುತ್ತದೆ.

ಎಂಜಿನ್ ಹೆಡ್ (ವಾಲ್ವುಗಳಿರುವ ಮೇಲ್ಭಾಗ) ಅಲ್ಯೂಮಿನಿಯಮ್, ಅದರಿಂದ ಹೊರಚಾಚಿ ನಟ್ಟು ಹಿಡಿಯುವ ಸ್ಟಡ್ ಉಕ್ಕು. ಹೀಗಾಗಿ ನಟ್ಟಿನ ಜೊತೆ ಸ್ಟಡ್ಡೇ ತಿರುಗಿ ಹೊರಬಂದರೆ ಗಾಬರಿಯಾಗಬೇಕಿಲ್ಲ, ಹೊಸ ಸ್ಟಡ್ ಹಾಕಿದರಾಯಿತು. ನಟ್ಟು ಬಿಗಿಯಾಗಿ ನಿಂತರೆ ಬಲ ಹಾಕದೆ, ಸ್ವಲ್ಪ ಬಿಗಿಮಾಡಿ ಸ್ವಲ್ಪ ಸಡಿಲಿಸುತ್ತ ಹಿಂದೆ ಮುಂದೆ ಆಡಿಸಬೇಕು. ಸ್ಟಡ್ ಹೊರಗೆ ಉಳಿದಂತೆ ಮುರಿದರೆ ಅದರ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸುವುದು ಒಳ್ಳೆಯ ಉಪಾಯ: ವೆಲ್ಡಿಂಗಿನ ಕಾವೇ ಹಿಡಿತವನ್ನು ಅರ್ಧ ಬಿಡಿಸುತ್ತದೆ. ಹೆಡ್ಡಿನೊಳಗೇ ಮುರಿದರೆ ಕೈಡ್ರಿಲ್ಲಿನಿಂದ ಕೊರೆಯಲು ಹೋಗಬೇಡಿ. ಡ್ರಿಲ್ ಮೆತ್ತನೆಯ ಅಲ್ಯೂಮಿನಿಯಮ್ಮಿನ ಕಡೆಗೆ ಜಾರಿ ತೂತನ್ನೇ ಕೆಡಿಸುತ್ತದೆ; ಅಂಥ ವೇಳೆ ಟಿಗ್ ವೆಲ್ಡಿಂಗ್ ಬಲ್ಲ ಮಿಸ್ತ್ರಿಯನ್ನೇ ಮನೆಗೆ ಕರೆಸುವುದು ಅಗ್ಗ.

ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು ಹೆಡ್ಡಿನ ಮುಖ ಒರೆಸಿ. ಹೊಸ ಹೆಡರ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಚೊಕ್ಕ ಮಾಡಿ ಕೈಗವಸಿನಿಂದಲೇ ಹಿಡಿಯಬೇಕು, ಇಲ್ಲದಿದ್ದರೆ ಬೆರಳಿನ ಎಣ್ಣೆ ಮೊದಲ ಕಾವಿಗೇ ಸ್ಟೇನ್‌ಲೆಸ್ಸಿನ ಮೇಲೆ ಸುಟ್ಟು ಅಚ್ಚಾಗುತ್ತದೆ. ಹೆಡರ್ ಕೂರಿಸುವಾಗ ಎಲ್ಲ ನಟ್ಟುಗಳನ್ನು ಬೆರಳಿನಲ್ಲಿಯೇ ಹಚ್ಚಿ, ಹಿಂದಿನ ಪೈಪಿನ ಕೂಡಿಕೆಗಳನ್ನೂ ಸಡಿಲವಾಗಿಯೇ ಜೋಡಿಸಿಕೊಳ್ಳಿ. ಈ ಸ್ಥಿತಿಯಲ್ಲಿ ಸ್ಟೀರಿಂಗ್ ಶಾಫ್ಟ್, ಸ್ಟಾರ್ಟರಿನ ತಂತಿ, ಬ್ರೇಕ್ ಪೈಪು, ಚಾಸಿಸ್ ಇವುಗಳಿಂದ ಪೈಪು ಎಷ್ಟು ದೂರವಿದೆಯೆಂದು ಟಾರ್ಚ್ ಹಿಡಿದು ನೋಡಬೇಕು, ಶಾಫ್ಟ್ ಮರುಜೋಡಿಸಿ ಸ್ಟೀರಿಂಗನ್ನು ಎರಡೂ ತುದಿಯವರೆಗೆ ತಿರುಗಿಸಿಯೂ ನೋಡಬೇಕು. ಎಂಜಿನ್ ಎಳೆದಾಗ ಮೌಂಟಿನ ಮೇಲೆ ಅದು ಹೊರಳುವುದರಿಂದ, ನಿಂತಾಗ ಕೂದಲೆಳೆಯಷ್ಟು ಅಂತರವಿದ್ದರೆ ಓಡುವಾಗ ತಗಲುತ್ತದೆ. ಎಲ್ಲವೂ ಸರಿಯೆನಿಸಿದ ಮೇಲೆಯೇ ಟಾರ್ಕ್ ರೆಂಚ್ ತೆಗೆದುಕೊಂಡು, ನಡುವಿನ ನಟ್ಟಿನಿಂದ ಶುರುಮಾಡಿ ಎರಡೂ ಬದಿಗೆ ಸರಿಯುತ್ತ, ಕೈಪಿಡಿ ಹೇಳುವ ಅಳತೆಗೆ ಎರಡು ಸುತ್ತಿನಲ್ಲಿ ಬಿಗಿಮಾಡಿ. ಅದಾದ ನಂತರ ಕೂಡಿಕೆಗಳನ್ನು ಮುಂದಿನಿಂದ ಹಿಂದಕ್ಕೆ ಬಿಗಿಮಾಡುತ್ತ ಹೋಗಿ. ಸ್ಟೀರಿಂಗ್ ಶಾಫ್ಟಿನ ಕೀಲಿಗೆ ಹೊಸ ಬೋಲ್ಟನ್ನೇ ಹಾಕಿ.

ಸೆನ್ಸರ್ ಎಳೆಗಳಿಗೆ ನಿಕ್ಕಲ್ ಬೆರೆತ ಲೇಪ ತುಸು ಹಚ್ಚಬಹುದು, ತುದಿಗೆ ಮಾತ್ರ ಸೋಕಬಾರದು. ಸಿಲಿಕೋನ್ ಅಂಟನ್ನು ಎಕ್ಸಾಸ್ಟಿನ ಯಾವ ಕೂಡಿಕೆಗೂ ಬಳಸಬೇಡಿ, ಅದರ ಆವಿ ಸೆನ್ಸರನ್ನು ಕೊಲ್ಲುತ್ತದೆ. ತಂತಿಗಳನ್ನು ಪೈಪಿನಿಂದ ದೂರ ಲೋಹದ ಪಟ್ಟಿಯಿಂದ ಕಟ್ಟಿ. ಶಾಖ ತಡೆಯುವ ಪಟ್ಟಿ ಸುತ್ತುವ ಚಾಳಿ ನಮ್ಮಲ್ಲಿ ಹೆಚ್ಚು. ಖಾನಾಪುರದ ಕಡೆಯ ಮಳೆಯಲ್ಲಿ ಓಡುವ ಗಾಡಿಗೆ ಅದು ನೀರು ಹಿಡಿದಿಟ್ಟು ಲೋಹವನ್ನು ತಿನ್ನುತ್ತದೆ, ತಂತಿಗಳ ಬಳಿ ಸಣ್ಣ ಶಾಖಕವಚ ಹಾಕುವುದೇ ಮೇಲು.

ಎಂಜಿನ್ ಚಾಲೂ ಮಾಡುವ ಮೊದಲು, ವ್ಯಾಕ್ಯೂಮ್ ಕ್ಲೀನರಿನ ಗಾಳಿ ಹೊರಬಿಡುವ ಬಾಯಿಯನ್ನು ಹಿಂದಿನ ಪೈಪಿಗೆ ಕೊಟ್ಟು ಉಳಿದ ಪೈಪುಗಳನ್ನು ಬಟ್ಟೆಯಿಂದ ಮುಚ್ಚಿ, ಕೂಡಿಕೆಗಳ ಮೇಲೆ ಸೋಪುನೀರು ಸಿಂಪಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಮುಂದಿನ ಸೆನ್ಸರಿಗಿಂತ ಮೊದಲು ಸೋರಿಕೆಯಿದ್ದರೆ ಹೊರಗಾಳಿ ಒಳನುಗ್ಗಿ, ಪೆಟ್ರೋಲ್ ಕಡಿಮೆಯಾಗಿದೆಯೆಂದು ಭಾವಿಸಿದ ಕಂಪ್ಯೂಟರ್ ಅನಗತ್ಯವಾಗಿ ಪೆಟ್ರೋಲ್ ಸುರಿಯುತ್ತದೆ. ಮೊದಲ ಸಲ ಎಂಜಿನ್ ಓಡಿಸುವುದು ಬಯಲಿನಲ್ಲಿಯೇ ಆಗಬೇಕು, ಮುಚ್ಚಿದ ಗ್ಯಾರೇಜಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ. ಪೈಪಿಗೆ ಅಂಟಿದ ಎಣ್ಣೆ ಸುಟ್ಟು ಕೆಲ ನಿಮಿಷ ಹೊಗೆಯೇಳುವುದು ಸಹಜ, ಆದರೂ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತಿರಲಿ. ತಣ್ಣನೆಯ ಎಂಜಿನ್ನಿನಲ್ಲಿ ಟಿಕ್ ಟಿಕ್ ಎಂದು ಕೇಳಿ ಬಿಸಿಯಾದಂತೆ ಕಡಿಮೆಯಾಗುವ ಸದ್ದು ಫ್ಲೇಂಜಿನ ಸೋರಿಕೆಯ ಲಕ್ಷಣ.

ಹೆದ್ದಾರಿಯಲ್ಲಿ ಕಾಕತಿಯವರೆಗೆ ಹೋಗಿಬಂದು, ಎಂಜಿನ್ ಪೂರ್ತಿ ಆರಿದ ಮೇಲೆ ಎಲ್ಲ ನಟ್ಟುಗಳನ್ನು ಮತ್ತೊಮ್ಮೆ ಅದೇ ಅಳತೆಗೆ ಪರೀಕ್ಷಿಸಿ, ಕೆಲವು ಸಲ ಬಿಸಿಯಾಗಿ ಆರಿದ ಬಳಿಕ ಇನ್ನೊಮ್ಮೆ ಪರೀಕ್ಷಿಸಿ. ಪಿ0420 ಅಥವಾ ಪಿ0430 ಕೋಡ್ ಬಂದರೆ ಕನ್ವರ್ಟರಿನ ಕ್ಷಮತೆ ಸಾಲದೆಂದು ಕಂಪ್ಯೂಟರ್ ಹೇಳುತ್ತಿದೆ. ಕೋಡನ್ನು ಅಳಿಸುವುದಕ್ಕಿಂತ ಮೊದಲು ಸೋರಿಕೆಯನ್ನೂ ಹಿಂದಿನ ಸೆನ್ಸರನ್ನೂ ನೋಡಬೇಕು. ಗಿಡ್ಡ ಹೆಡರ್‌ಗೆ ಕಂಪ್ಯೂಟರಿನ ಹೊಸ ಟ್ಯೂನಿಂಗ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಉದ್ದದ್ದಕ್ಕೆ ಬೇಕಾಗುತ್ತದೆ. ಬಿಚ್ಚಿದ ಮೂಲ ಮ್ಯಾನಿಫೋಲ್ಡುಗಳನ್ನು ಗುಜರಿಗೆ ಕೊಡದೆ, ಎಣ್ಣೆ ಸವರಿ, ನಟ್ಟುಗಳನ್ನು ಚೀಲದಲ್ಲಿ ಅದಕ್ಕೇ ಕಟ್ಟಿ ಇಟ್ಟುಕೊಳ್ಳಿ. ಗಾಡಿ ಮಾರುವಾಗ ಅಥವಾ ಸಾರಿಗೆ ಕಚೇರಿಯವರು ಮೂಲ ಸ್ಥಿತಿಗೆ ತರಲು ಹೇಳಿದಾಗ ಅವು ಬೇಕಾಗುತ್ತವೆ.