33,000 ಗುಂಡಿ ಕದ್ದ ಕಥೆ

ನಮ್ಮ ಕಿರುಚಿತ್ರದಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ತಾವು ದುಡಿಯುವ ಫ್ಯಾಕ್ಟರಿಯಿಂದಲೇ ಕದಿಯುತ್ತಾರೆ. 18 ನಿಮಿಷದ ಹಾಸ್ಯಚಿತ್ರ. ಬರೆಯುವುದಕ್ಕೇ ಎಂಟು ತಿಂಗಳು ಹಿಡಿಯಿತು. ಅದರಲ್ಲಿ ಆರು ತಿಂಗಳು ಒಂದೇ ಪ್ರಶ್ನೆಗೆ ಹೋಯಿತು. ಇವರು ಕದಿಯುವುದಾದರೂ ಏನನ್ನು?

ಯಾಕೆ ಕದಿಯುತ್ತಾರೆ ಅನ್ನುವುದು ಮೊದಲೇ ಗೊತ್ತಿತ್ತು. 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದಿದ್ದು ನೆನಪಿದೆ ಅಲ್ವಾ? ಪಿಎಫ್‌ನಲ್ಲಿ ಮಾಲೀಕರ ಪಾಲು 58 ವರ್ಷ ಆಗುವ ತನಕ ಕೈಗೆ ಸಿಗದು ಅನ್ನುವ ನಿಯಮ ಬಂದಿತ್ತು. ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಪಿಎಫ್ ಅಂದರೆ ಅವರಿಗೆ ಮಗಳ ಮದುವೆ, ಊರಿನ ಸಾಲ. 2011ರ ಹಾಲಿವುಡ್ ಚಿತ್ರ ‘ಟವರ್ ಹೈಸ್ಟ್’ನಲ್ಲೂ ಕೆಲಸದವರ ಪಿಂಚಣಿ ಹಣ ಮುಳುಗುತ್ತದೆ. ಅದಕ್ಕೇ ಅವರು ಕನ್ನ ಹಾಕುವಾಗ ನಾವು ಅವರ ಪರ ನಿಲ್ಲುತ್ತೇವೆ. ನಮ್ಮ ಕಥೆಯ ಮಾಲೀಕ ಸಂಬಳದಿಂದ ಪಿಎಫ್ ಹಿಡಿಯುತ್ತಾನೆ, ಕಟ್ಟುವುದಿಲ್ಲ.

ಮೊದಲು ಸಂಬಳದ ದುಡ್ಡಿನ ಪೆಟ್ಟಿಗೆ ಕದಿಯುವ ಹಾಗೆ ಬರೆದೆ. ನಮ್ಮ ಬೀದಿಯ ಅಕ್ಕ ಒಬ್ಬರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಓದಿಸಿಕೊಂಡು ಕೇಳಿ, “ಸಂಬಳ ಬ್ಯಾಂಕಿಗೆ ಬರುತ್ತಪ್ಪಾ. ಪೆಟ್ಟಿಗೆ ಎಲ್ಲಿದೆ?” ಅಂದರು. ಆಮೇಲೆ ಶರ್ಟು ಅಂದುಕೊಂಡೆ. ಗೇಟಿನಲ್ಲಿ ಬ್ಯಾಗು, ಡಬ್ಬಿ, ಮೈ ಎಲ್ಲ ತಡವಿ ನೋಡುತ್ತಾರಂತೆ. ಅದೂ ಬಿತ್ತು. ಹಾಗಾದರೆ ಮಾಲೀಕ ಯಾವುದಕ್ಕೆ ಹೆದರುತ್ತಾನೆ ಅಂತ ಕೇಳಿದೆ. “ಶಿಪ್‌ಮೆಂಟ್ ತಪ್ಪಿದರೆ ಹೆದರ್ತಾನೆ.” ಹಡಗು ತಪ್ಪಿದರೆ ವಿಮಾನದಲ್ಲಿ ಕಳಿಸಬೇಕು, ಆ ಖರ್ಚು ಫ್ಯಾಕ್ಟರಿಯ ತಲೆಗೆ.

ಅಲ್ಲಿಂದ ಗುಂಡಿ ಹುಟ್ಟಿತು. ಗುಂಡಿ ಇಲ್ಲದ ಶರ್ಟು ಹಡಗು ಹತ್ತದು; ಪಿಎಫ್ ಕಟ್ಟಿದರೆ ಮಾತ್ರ ಗುಂಡಿ ವಾಪಸ್. ಶರ್ಟಿಗೆ 11 ಗುಂಡಿ, 3,000 ಶರ್ಟು, ಒಟ್ಟು 33,000. ನಲವತ್ತು ಹೆಂಗಸರು ದಿನಕ್ಕೆ ಅರವತ್ತರಂತೆ ಒಯ್ದರೆ 14 ದಿನ ಸಾಕು. ಆದರೆ ಒಯ್ಯುವುದು ಹೇಗೆ? ಚಿತ್ರಾನ್ನದಲ್ಲಿ, ಮಲ್ಲಿಗೆ ದಂಡೆಯಲ್ಲಿ, ಏನೇನೋ ಬರೆದು ಹರಿದೆ. ಅಕ್ಕನೇ ನಕ್ಕು ಹೇಳಿದರು: “ನಾವು ಟೈಲರ್‌ಗಳಲ್ವಾ? ಲಂಗದ ಒಳಮಡಿಗೆ ಹೊಲ್ಕೋತೀವಿ.” ಆ ಮಾತಿಗೆ ಇಡೀ ಚಿತ್ರ ಕಣ್ಣ ಮುಂದೆ ಬಂತು. ಗಂಟೆಗೆ ಇಷ್ಟು ಪೀಸ್ ಅಂತ ಬೈದು ಬೈದು ಕಲಿಸಿದ ವೇಗವೇ ಈಗ ಅವರ ಆಯುಧ. ಗೇಟಿನ ಸಾಲಿನಲ್ಲಿ ನಲವತ್ತು ಲಂಗ ಕಟಕಟ ಅನ್ನುವ ದೃಶ್ಯಕ್ಕೆ ಜನ ಜಾಸ್ತಿ ನಕ್ಕರು.

ಶೂಟಿಂಗ್ ಒಂದು ಸಣ್ಣ ಟೈಲರಿಂಗ್ ಯೂನಿಟ್‌ನಲ್ಲಿ, ಭಾನುವಾರಗಳಂದು. ನಮ್ಮ ಹತ್ತಿರ ಇದ್ದದ್ದು ಆರು ಜನ ನಟಿಯರು. ಉಳಿದವರನ್ನು ಕಾಲುಗಳಲ್ಲಿ, ನೆರಳಿನಲ್ಲಿ ತೋರಿಸಿದೆವು. ಮಷೀನ್ ಸದ್ದಿಗೆ ಮಾತೇ ಕೇಳುತ್ತಿರಲಿಲ್ಲ. ಅದಕ್ಕೆ ಸಂಚಿನ ಮಾತೆಲ್ಲ ಕಣ್ಸನ್ನೆ, ಕೈಸನ್ನೆ ಆಯಿತು. ನಿಜವಾದ ಲೈನ್‌ನಲ್ಲೂ ಹಾಗೇ ಮಾತಾಡುತ್ತಾರೆ ಅಂತ ಅಕ್ಕ ಹೇಳಿದಾಗ ನನಗೆ ತುಂಬಾ ಖುಷಿಯಾಯಿತು. ಎಡಿಟಿಂಗ್‌ನಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲೇ ವಿವರಿಸಿದ ಉಪಾಯ ಕೆಡಬೇಕು. ಗೆಲ್ಲುವ ಉಪಾಯವನ್ನು ಮೊದಲೇ ಹೇಳಬಾರದು. ಹಾಗಾಗಿ ಲಂಗದ ಗುಟ್ಟನ್ನು ಗೇಟಿನ ಸಾಲು ಬರುವ ತನಕ ಬಿಚ್ಚಲಿಲ್ಲ.

ಮೊದಲ ಪ್ರದರ್ಶನ ಅಕ್ಕನ ಬಿಲ್ಡಿಂಗ್ ಟೆರೇಸ್ ಮೇಲೆ, ಬಿಳಿ ಬೆಡ್‌ಶೀಟ್ ಕಟ್ಟಿ. ಆಗ ಚಿತ್ರ ಮಾಲೀಕ ಪಿಎಫ್ ಕಟ್ಟಿದ ರಸೀದಿಗೆ ಮುಗಿಯುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನ ಜೊತೆ ಕೆಲಸ ಮಾಡುವ ಒಬ್ಬರು ಮಾತ್ರ ಸುಮ್ನೆ ಕೂತಿದ್ದರು. ಯಾಕೆ ಅಂತ ಕೇಳಿದೆ.

“ಆ ಶರ್ಟಿಗೆಲ್ಲ ಗುಂಡಿ ಹಾಕಿದ್ದು ಯಾರು?”

ಮುಂದಿನ ಭಾನುವಾರ ಇನ್ನೊಂದು ದೃಶ್ಯ ತೆಗೆದೆವು. ರಾತ್ರಿ ಹತ್ತು ಗಂಟೆ. ಅದೇ ಹೆಂಗಸರು ಅದೇ ಗುಂಡಿಗಳನ್ನು ಒಂದೊಂದಾಗಿ ಶರ್ಟಿಗೆ ಹಾಕುತ್ತಿದ್ದಾರೆ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತಿದ್ದಾನೆ. ಮುಂದಿನ ಮಷೀನ್‌ನವಳು ತಲೆ ಎತ್ತದೆ ಹೇಳುತ್ತಾಳೆ: “ಓಟಿ ಬರ್ಕೊಳ್ಳಿ ಸಾರ್. ಡಬಲ್.”