ಬೇಲೂರಿನ ಮದನಿಕೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸುವುದು ಹೇಗೆ?

ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಕತ್ತೆತ್ತದೆ ಸುತ್ತು ಹಾಕುವವರು ಯಾರೂ ಇಲ್ಲ. ಸೂರಿನಡಿ ಮದನಿಕೆಯರು, ಕಲ್ಲಿನಲ್ಲಿ ಕೆತ್ತಿದ ಸುಂದರಿಯರು, ನಿಂತಿದ್ದಾರಲ್ಲ! ಹೊರಗೆ 38, ಒಳಗೆ ನವರಂಗದಲ್ಲಿ (ಗುಡಿಯ ಕಂಬಗಳ ಮಂಟಪದಲ್ಲಿ) 4, ಒಟ್ಟು 42. ಸ್ಕೆಚ್ ಪುಸ್ತಕ ಜೊತೆಗಿದ್ದರೆ ಒಬ್ಬಳನ್ನಾದರೂ ಬಿಡಿಸೋಣ ಅನ್ನಿಸುತ್ತದೆ. ಹೆಚ್ಚಿನವರು ಕಣ್ಣಿನಿಂದಲೋ ಕೊರಳ ಸರದಿಂದಲೋ ಶುರು ಮಾಡುತ್ತಾರೆ. ಒಡವೆ ಚೆನ್ನಾಗಿಯೇ ಬರುತ್ತದೆ, ಆದರೆ ಕಲ್ಲು ಬರುವುದಿಲ್ಲ. ಅಲಂಕಾರ ಮಾಡಿಕೊಂಡ ಹೆಂಗಸಿನ ಚಿತ್ರವಾಗಿ ನಿಂತುಬಿಡುತ್ತದೆ.

ಮದನಿಕೆ ಕಟ್ಟಡದ ಒಂದು ಭಾಗ. ಕಂಬದ ತುದಿಯ ಕಲ್ಲಾದ ಬೋದಿಗೆಯಿಂದ ಸೂರಿನವರೆಗೆ ಓರೆಯಾಗಿ ಕೂರಿಸಿದ ಕಲ್ಲು ಅವಳು. ಅದಕ್ಕೇ ನಮ್ಮ ಕಡೆಗೆ ಬಾಗಿದ ಹಾಗೆ ಕಾಣುತ್ತಾಳೆ. ಈ ಓರೆ, ಅವಳ ಬೆನ್ನ ಹಿಂದಿನ ಕತ್ತಲು, ಇವೆರಡು ಹಿಡಿತಕ್ಕೆ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಏನೇನು ಬೇಕು

ಎಚ್‌ಬಿ, 2ಬಿ, 4ಬಿ, 6ಬಿ ಪೆನ್ಸಿಲ್‌ಗಳು (ಅಂಕಿ ಹೆಚ್ಚಿದಷ್ಟೂ ಮೆತ್ತಗೆ, ಕಪ್ಪು), ಸ್ವಲ್ಪ ದಪ್ಪನೆಯ ಡ್ರಾಯಿಂಗ್ ಹಾಳೆ, ಕ್ಲಿಪ್ ಇರುವ ಪ್ಯಾಡು, ಹಿಟ್ಟಿನ ಹಾಗೆ ನಾದಬಹುದಾದ ಮೆತ್ತನೆ ರಬ್ಬರ್. ಪೆನ್ಸಿಲನ್ನು ಬ್ಲೇಡಿನಲ್ಲಿ ಉದ್ದಕ್ಕೆ ಹೆರೆದುಕೊಳ್ಳಿ. ಸೀಸ ಉದ್ದವಿದ್ದರೆ ಓರೆಯಾಗಿ ಹಿಡಿದು ನೆರಳು ತುಂಬುವುದು ಸುಲಭ. ದುರ್ಬೀನು ಇದ್ದರೆ ತನ್ನಿ. ಕಾಲುಚೀಲ ಮರೆಯಬೇಡಿ. ಚಪ್ಪಲಿ ಹೊರಗೆ ಬಿಡಬೇಕು, ಹೊತ್ತೇರಿದ ಮೇಲೆ ಅಂಗಳದ ಚಪ್ಪಡಿ ಚುರ್ರೆನ್ನುತ್ತದೆ.

ಬರೆಯುವ ಮೊದಲು ನೋಡಿ

ಹತ್ತು ನಿಮಿಷ ಪೆನ್ಸಿಲ್ ಮುಟ್ಟಬೇಡಿ. ಮೊದಲ ಸಲ ಬಿಡಿಸುವವರಿಗೆ ನಾನು ಹೇಳುವುದು ದರ್ಪಣ ಸುಂದರಿಯನ್ನೇ. ಒಂದು ಕೈಯಲ್ಲಿ ದುಂಡು ಕನ್ನಡಿ, ಅದರ ಕಡೆಗೆ ತಿರುಗಿದ ಮುಖ, ತಲೆಯ ಮೇಲೆ ಬಳ್ಳಿಯ ಚಪ್ಪರ. ಭಂಗಿ ಸ್ಪಷ್ಟವಾಗಿದೆ.

ಬೆಳಕು ಎಲ್ಲಿಂದ ಬರುತ್ತಿದೆ ಗಮನಿಸಿ. ಮೇಲಿನ ಬಿಸಿಲನ್ನು ಸೂರು ತಡೆಯುತ್ತದೆ. ಅಂಗಳದ ಚಪ್ಪಡಿಗೆ ಬಿದ್ದ ಬಿಸಿಲು ಪುಟಿದು ಕೆಳಗಿನಿಂದ ಅವಳನ್ನು ಮುಟ್ಟುತ್ತದೆ. ಮನೆಯಲ್ಲಿ ಮುಖ ಬಿಡಿಸುವಾಗ ಗಲ್ಲದ ಅಡಿ ಕಪ್ಪು ಮಾಡಿ ಅಭ್ಯಾಸ, ಅಲ್ವಾ? ಇಲ್ಲಿ ಗಲ್ಲದ ಅಡಿಯೇ ತಿಳಿಯಾಗಿರುತ್ತದೆ, ಹಣೆ ನೆರಳಲ್ಲಿರುತ್ತದೆ. ಕಣ್ಣಿಗೆ ಕಂಡದ್ದನ್ನೇ ಬರೆಯಿರಿ.

ಮೊದಲ ಗೆರೆಗಳು

ಎಚ್‌ಬಿಯಲ್ಲಿ ತೆಳುವಾಗಿ ಮೂರೇ ಗೆರೆ. ನೆತ್ತಿಯಿಂದ ಹಿಮ್ಮಡಿವರೆಗೆ ಬಳುಕುವ ಒಂದು ಗೆರೆ. ಭುಜಕ್ಕೊಂದು ಅಡ್ಡಗೆರೆ, ಸೊಂಟಕ್ಕೊಂದು. ತಲೆ, ಎದೆ, ಸೊಂಟ ಮೂರೂ ಬೇರೆ ಬೇರೆ ಕಡೆಗೆ ವಾಲುವ ಈ ನಿಲುವಿಗೆ ತ್ರಿಭಂಗ ಎನ್ನುತ್ತಾರೆ. ಭಾರ ಬಿದ್ದ ಕಾಲಿನ ಕಡೆ ಸೊಂಟ ಮೇಲಕ್ಕೇರುತ್ತದೆ, ಅದೇ ಕಡೆಯ ಭುಜ ಸಾಮಾನ್ಯವಾಗಿ ಇಳಿಯುತ್ತದೆ. ಹಾಗಾಗಿ ಎರಡು ಅಡ್ಡಗೆರೆಗಳು ಒಂದು ಬದಿಯಲ್ಲಿ ಹತ್ತಿರವಾಗಬೇಕು. ಸಮಾನಾಂತರವಾಗಿ ಬಂದಿದ್ದರೆ ಸುಮ್ನೆ ಮುಂದುವರಿಯಬೇಡಿ, ಅಳಿಸಿ.

ಇನ್ನು ಅಳತೆ. ಕೈ ಪೂರ್ತಿ ಚಾಚಿ, ಪೆನ್ಸಿಲ್ ತುದಿಯಿಂದ ತಲೆಯ ಎತ್ತರ ಗುರುತಿಸಿ, ಮೈಯಲ್ಲಿ ಅಂಥ ಎಷ್ಟು ತಲೆ ಹಿಡಿಯುತ್ತದೆ ಎಣಿಸಿ. ಡ್ರಾಯಿಂಗ್ ಕ್ಲಾಸಿನ ಲೆಕ್ಕ ಇಲ್ಲಿ ಕೂಡುವುದಿಲ್ಲ, ನಾವು ಕೆಳಗೆ ನಿಂತು ನೋಡುತ್ತಿದ್ದೇವೆ. ಬಂದ ಲೆಕ್ಕವನ್ನೇ ನಂಬಿ. ಪೀಠ ಮತ್ತು ಮೇಲಿನ ಚಪ್ಪರಕ್ಕೂ ಈಗಲೇ ಜಾಗ ಗುರುತು ಮಾಡಿಕೊಳ್ಳಿ. ಪಾದಕ್ಕೆ ಬರುವಷ್ಟರಲ್ಲಿ ಹಾಳೆ ಮುಗಿದುಹೋದ ಚಿತ್ರಗಳು ನನ್ನ ಹಳೆಯ ಕಟ್ಟಿನಲ್ಲಿ ನಾಲ್ಕಿವೆ.

ಕತ್ತಲು ಮೊದಲು

ಈಗ 6ಬಿ ತೆಗೆದುಕೊಳ್ಳಿ. ಮೈಯನ್ನು ಮುಟ್ಟದೆ ಸುತ್ತಲಿನ ಕತ್ತಲನ್ನು ತುಂಬಿ. ಬೆನ್ನಿಗೂ ಗೋಡೆಗೂ ನಡುವಿನ ಸಂದು, ಮಡಿಸಿದ ತೋಳಿನ ಒಳಗಿನ ತ್ರಿಕೋನ, ಬಳ್ಳಿಯ ಎಲೆಗಳ ನಡುವಿನ ತೂತುಗಳು. ಬೇಲೂರಿನ ಶಿಲ್ಪಿಗಳು ಚಪ್ಪರವನ್ನು ಎಷ್ಟು ಆಳಕ್ಕೆ ಕೊರೆದಿದ್ದಾರೆಂದರೆ, ತೂತುಗಳನ್ನು ಕಪ್ಪು ಮಾಡುತ್ತಾ ಹೋದಂತೆ ಎಲೆಗಳು ತಾವಾಗಿಯೇ ಮೂಡುತ್ತವೆ. ಅದನ್ನು ನೋಡುವ ಖುಷಿಗೇ ಈ ಚಿತ್ರ ಬಿಡಿಸಬಹುದು.

ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾದದ್ದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಎಣ್ಣೆ ಸವರಿದಂತೆ ನಯವಾಗಿರುತ್ತದೆ. ಹಾಗಾಗಿ ಮೈಗೆ ನೆರಳು ಹಾಕುವಾಗ 2ಬಿಯನ್ನು ಓರೆ ಹಿಡಿದು, ಮೈಯ ತಿರುವಿನ ಜೊತೆಗೇ ಗೆರೆ ಎಳೆಯಿರಿ. ಬೆರಳಲ್ಲಿ ಉಜ್ಜಬೇಡಿ. ಉಜ್ಜಿದರೆ ಕಲ್ಲು ಹೋಗಿ ಹೊಗೆ ಉಳಿಯುತ್ತದೆ. ಹಾಳೆಯ ಬಿಳಿಯನ್ನು ಎರಡು ಮೂರು ಕಡೆ ಮಾತ್ರ ಉಳಿಸಿ, ಮಂಡಿಯ ಮೇಲೆ, ಕನ್ನಡಿಯ ಅಂಚಲ್ಲಿ. ಮಿಕ್ಕದ್ದೆಲ್ಲ ತೆಳು ಬೂದು.

ಒಡವೆ ಕೊನೆಗೆ

ಮಣಿ ಮಣಿಯನ್ನೂ ಎಣಿಸಿ ಬಿಡಿಸಬೇಕಿಲ್ಲ. ಸರದ ಕೆಳಗಿನ ಸಣ್ಣ ನೆರಳನ್ನು 4ಬಿಯ ಚೂಪು ತುದಿಯಲ್ಲಿ ಇಡಿ, ಸರ ಎದೆಯಿಂದ ಎದ್ದು ನಿಲ್ಲುತ್ತದೆ. ಬೆಳಕಿನ ಕಡೆಯ ನಾಲ್ಕೈದು ಮಣಿಗಳ ಮೇಲಿನ ಸೀಸವನ್ನು ರಬ್ಬರಿನ ಮೊನೆಯಿಂದ ಒತ್ತಿ ಎತ್ತಿ. ಮುಖಕ್ಕೂ ಇಷ್ಟೇ: ರೆಪ್ಪೆಯ ನೆರಳು, ತುಟಿಗಳ ನಡುವಿನ ಗೆರೆ. ಕಣ್ಣಿಗೆ ಕಪ್ಪು ಗುಡ್ಡೆ ಇಟ್ಟರೆ ಕಲ್ಲು ಮತ್ತೆ ಹೆಂಗಸಾಗಿಬಿಡುತ್ತದೆ.

ಪೀಠವನ್ನು ಅವಸರದಲ್ಲಿ ಮುಗಿಸಬೇಡಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಈ ಗುಡಿಯ ಕೆಲವು ಶಿಲ್ಪಿಗಳು ತಮ್ಮ ಹೆಸರು ಕೆತ್ತಿಟ್ಟಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ನಮಗೆ ಗೊತ್ತಾದದ್ದು ಹಾಗೆ. ನೀವು ಆರಿಸಿದ ವಿಗ್ರಹದಲ್ಲಿ ಅಕ್ಷರ ಕಂಡರೆ ಕಂಡಷ್ಟನ್ನೇ ಬಿಡಿಸಿ, ಊಹಿಸಿ ತುಂಬಬೇಡಿ.

ಮುಗಿದ ಚಿತ್ರವನ್ನು ಸುರುಳಿ ಸುತ್ತಬೇಡಿ, 6ಬಿಯ ಕಪ್ಪು ಎಲ್ಲ ಕಡೆ ಹತ್ತುತ್ತದೆ. ಮೇಲೊಂದು ಬಟರ್ ಪೇಪರ್ ಹಾಕಿ, ಪ್ಯಾಡಿಗೆ ಕ್ಲಿಪ್ ಮಾಡಿ, ಮಟ್ಟಸವಾಗಿ ಹಿಡಿದು ಬಸ್ ಹತ್ತಿ.