ಪಿಯಾನೊ ಡಿಪ್ಲೊಮಾ: ಅರ್ಧ ಗಂಟೆಗೆ ಏನೇನು ನುಡಿಸೋದು?

ಗ್ರೇಡ್ ಪರೀಕ್ಷೆಯಲ್ಲಿ ನುಡಿಸಬೇಕಾದ ಕೃತಿ ಮೂರ್ನಾಲ್ಕೇ. ಡಿಪ್ಲೊಮಾದಲ್ಲಿ ಒಂದು ಇಡೀ ಕಛೇರಿಯನ್ನೇ ನೀವು ಕಟ್ಟಬೇಕು.

ಮೊದಲು ಸಿಲಬಸ್ ಓದಿ. ಎಆರ್‌ಎಸ್‌ಎಂಗೆ (ಬ್ರಿಟನ್‌ನ ಎಬಿಆರ್‌ಎಸ್‌ಎಂ ಪರೀಕ್ಷಾ ಮಂಡಳಿಯ ಡಿಪ್ಲೊಮಾ) ಎಂಟನೇ ಗ್ರೇಡ್ ಪಾಸಾಗಿರಬೇಕು. ಕಾರ್ಯಕ್ರಮ 30 ನಿಮಿಷದ್ದು. ಕನಿಷ್ಠ 20 ನಿಮಿಷ ಮಂಡಳಿಯ ಪಟ್ಟಿಯಿಂದಲೇ ಬರಬೇಕು, ಉಳಿದದ್ದು ನಿಮ್ಮಿಷ್ಟ. ಇನ್ನೊಂದು ಪರೀಕ್ಷಾ ಮಂಡಳಿ ಟ್ರಿನಿಟಿಯ ಡಿಪ್ಲೊಮಾ ಎಟಿಸಿಎಲ್‌ಗಾದರೆ 32ರಿಂದ 38 ನಿಮಿಷ.

ಆಮೇಲೆ ದೊಡ್ಡ ಕೃತಿಯನ್ನು ಗೊತ್ತು ಮಾಡಿಕೊಳ್ಳಿ. ಹೈಡನ್ ಅಥವಾ ಬೀಥೋವನ್‌ನ ಸೊನಾಟಾ ಪೂರ್ತಿ ನುಡಿಸಿದರೆ ಅರ್ಧ ಹೊತ್ತು ಅದಕ್ಕೇ ಹೋಗಬಹುದು. ಉಳಿದವನ್ನು ಅದಕ್ಕೆ ಹೊಂದಿಸಿ.

ಒಂದು ಬರೋಕ್ (ಬಾಖ್‌ನ ಕಾಲದ್ದು), ಒಂದು ಕ್ಲಾಸಿಕಲ್ (ಹೈಡನ್‌ನ ಕಾಲದ್ದು), ಒಂದು ಇಪ್ಪತ್ತನೇ ಶತಮಾನದ್ದು ಇದ್ದರೆ ಸಮತೋಲನ ಬಂತು ಅಂತ ಹಲವರು ಅಂದುಕೊಳ್ಳುತ್ತಾರೆ. ಅಷ್ಟು ಸಾಲದು. ಬಾಖ್‌ನ ಚುರುಕಾದ ಫ್ಯೂಗ್ (ಒಂದೇ ರಾಗ ಹಲವು ದನಿಗಳಲ್ಲಿ ಒಂದರ ಹಿಂದೊಂದು ಬರುವ ರಚನೆ), ಸೊನಾಟಾದ ವೇಗದ ಭಾಗ, ಬಾರ್ಟೊಕ್‌ನ ಕುಣಿತ: ಕಾಲ ಬೇರೆ ಬೇರೆ, ಆದರೆ ಮೂರರಲ್ಲೂ ಬೆರಳು ಓಡುತ್ತಲೇ ಇರುತ್ತದೆ. ರಾಗವನ್ನು ಹಾಡಿಸುವುದು ಬರುತ್ತದೋ ಇಲ್ಲವೋ ಪರೀಕ್ಷಕರಿಗೆ ಗೊತ್ತಾಗುವುದಾದರೂ ಹೇಗೆ? ಅಲ್ಲೊಂದು ಶೋಪ್ಯಾನ್ ನಾಕ್ಟರ್ನ್ (ಹಾಡಿನಂಥ ನಿಧಾನದ ಕೃತಿ) ಇರಲಿ. ಎಡಗೈಯಲ್ಲಿ ದೂರ ದೂರದ ಸ್ವರಗಳು, ಮೇಲೆ ಬಲಗೈಯ ಹಾಡು. ಬೇಸ್ (ಕೆಳಗಿನ ಸ್ವರ) ಬದಲಾದಾಗ ನಾದ ಹಿಡಿದಿಡುವ ಕಾಲಿನ ಪೆಡಲ್ ಬದಲಿಸದಿದ್ದರೆ ಎಲ್ಲ ಕಲಸಿಹೋಗುತ್ತದೆ. ನಿಧಾನದ್ದು ಸುಲಭ ಅಂತ ಸುಮ್ನೆ ಆರಿಸಬೇಡಿ, ಅಲ್ಲೇ ತಪ್ಪು ಜಾಸ್ತಿ ಕೇಳಿಸುವುದು.

ಒಂದು ಹಾಳೆಯಲ್ಲಿ ಪ್ರತಿ ಕೃತಿಯ ವೇಗ, ಶ್ರುತಿ, ಪೆಡಲ್ ಬರೆದುಕೊಳ್ಳಿ. ಅಕ್ಕಪಕ್ಕದ ಎರಡಕ್ಕೆ ಮೂರೂ ಒಂದೇ ಆದರೆ ಒಂದನ್ನು ಬಿಡಿ. ಹಳೆಯದು ಮೊದಲು, ಹೊಸದು ಕೊನೆಗೆ ಅನ್ನುವ ಕ್ರಮವೇ ಬೇಕಿಲ್ಲ. ಶುರುವಿನಲ್ಲಿ ಕೈ ನಡುಗುವವರು ಫ್ಯೂಗ್ ಅನ್ನು ಎರಡನೆಯದಾಗಿ ಇಟ್ಟುಕೊಳ್ಳಬಹುದು, ಅಲ್ವಾ?

ದಾವಣಗೆರೆಯಲ್ಲಿ ಡಿಜಿಟಲ್ ಪಿಯಾನೊ ಮೇಲೆ ಕಲಿತವರು ಡೆಬ್ಯುಸಿ ಆರಿಸುವ ಮುಂಚೆ ಪೆಡಲ್ ನೋಡಿಕೊಳ್ಳಿ. ಅಗ್ಗದ ಪೆಡಲ್ ಸ್ವಿಚ್ ಇದ್ದಂತೆ, ಆನ್ ಇಲ್ಲವೇ ಆಫ್. ಡೆಬ್ಯುಸಿಗೆ ಅರ್ಧ ಪೆಡಲ್, ಅಂದರೆ ಪೂರ್ತಿ ಒತ್ತದೆ ನಡುವೆ ಹಿಡಿಯುವುದು, ಬೇಕಾಗುತ್ತದೆ. ಬೆಂಗಳೂರಿಗೋ ಎಲ್ಲಿಗೋ ಹೋಗಿ ನಾಲ್ಕು ಸಲವಾದರೂ ತಂತಿಯ ಪಿಯಾನೊ ಮೇಲೆ ನುಡಿಸಿ ನೋಡಿ, ಆಮೇಲೆ ಫಾರಂ ತುಂಬಿ.

ಕೊನೆಗೆ ಗಡಿಯಾರ. ಕೃತಿಗಳ ನಡುವೆ ಉಸಿರು ತೆಗೆದುಕೊಳ್ಳುವ ಹೊತ್ತನ್ನೂ ಸೇರಿಸಿ ಅಳೆಯಿರಿ. ಎಆರ್‌ಎಸ್‌ಎಂ ಅನ್ನು ವಿಡಿಯೊದಲ್ಲಿ ಕೊಡುವುದಾದರೆ ಇಡೀ ಕಾರ್ಯಕ್ರಮ ಒಂದೇ ಟೇಕ್‌ನಲ್ಲಿ, ನಡುವೆ ರೆಕಾರ್ಡಿಂಗ್ ನಿಲ್ಲಿಸದೆ, ಆಗಬೇಕು. ಪಿ.ಬಿ. ರಸ್ತೆ ಹತ್ತಿರದ ಮನೆಯಾದರೆ ಬೆಳಗಿನ ಜಾವವೇ ಕೂತುಬಿಡಿ. ನಾಕ್ಟರ್ನ್ ಮಧ್ಯೆ ಲಾರಿ ಹಾರ್ನ್ ಹೊಡೆದರೆ ಮತ್ತೆ ಬಾಖ್‌ನಿಂದ ಶುರು ಮಾಡಬೇಕಾದೀತು.